ಚೆಂಡು ಸಿಗಲಿಲ್ಲ ಎಂದರೆ ಹುಡುಗರಲ್ಲಿ ಛಲವಿರಲಿಲ್ಲ ಎಂದರ್ಥವೇ?

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು. ಇಪ್ಪತ್ತೆರಡು ವರ್ಷಗಳಿಂದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದೇವೆ. ಮಗ ಇಲ್ಲಿನ ಸಣ್ಣ ಕಾಲೇಜೊಂದರ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ಡಿವಿಷನ್ ಮೂರರ ತಂಡ, ವಿದ್ಯಾರ್ಥಿವೇತನವೇನೂ ಇಲ್ಲ, ಪ್ರೀತಿಗಾಗಿ ಆಡುವುದು. ಅವನದು ಸೇಫ್ಟಿ ಸ್ಥಾನ, ಎಂದರೆ ಎದುರಾಳಿಯನ್ನು ತಡೆಯುವ ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವ ಜಾಗ. ಕಳೆದ ವರ್ಷ ಹತ್ತು ಪಂದ್ಯಗಳಲ್ಲಿ ಅವರ ಡಿಫೆನ್ಸ್ ಎದುರಾಳಿಗಳಿಂದ 25 ಬಾರಿ ಚೆಂಡು ಕಸಿದುಕೊಂಡಿತ್ತು. ಈ ವರ್ಷ ಹತ್ತು ಪಂದ್ಯಗಳಲ್ಲಿ ಬರೀ 10. ‘ನಿಮ್ಮಲ್ಲಿ ಹಸಿವೇ ಇಲ್ಲ’ ಎಂದು ಕೋಚ್ ಎಲ್ಲರ ಮುಂದೆ ಹೇಳಿದರಂತೆ. ಚೆಂಡು ಕಸಿದವರ ಕೊರಳಿಗೆ ಹಾಕಲು ದೊಡ್ಡ ಸರಪಳಿಯೊಂದನ್ನೂ ತಂದಿದ್ದರು. ಮುಂದಿನ ವರ್ಷ ಹೆಚ್ಚು ಮಂದಿ ಮುನ್ನುಗ್ಗುವ ಬ್ಲಿಟ್ಜ್ ಎರಡು ಪಟ್ಟು ಮಾಡಬೇಕು, ಓಡುವವನನ್ನು ಹಿಡಿದು ಕೆಡಹುವ ಪ್ರತಿ ಟ್ಯಾಕಲ್‌ನಲ್ಲೂ ಚೆಂಡಿಗೇ ಕೈ ಹಾಕಬೇಕು ಎಂಬುದು ಅವರ ಯೋಜನೆ. ನನ್ನ ಮಗ ಈ ವರ್ಷ ಕೈಗೆ ಬಂದ ಮೂರು ಚೆಂಡು ಬಿಟ್ಟಿದ್ದಾನೆ. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ದಿನಕ್ಕೆ ಐನೂರು ಚೆಂಡುಗಳನ್ನು ಯಂತ್ರದಿಂದ ಎಸೆಸಿಕೊಂಡು ಹಿಡಿಯುತ್ತಿದ್ದಾನೆ, ಮಣಿಕಟ್ಟು ಊದಿಕೊಂಡಿದೆ. ಅವನೇ ಬರೆದುಕೊಟ್ಟ ಲೆಕ್ಕವನ್ನು ಜೊತೆಗೆ ಕಳುಹಿಸಿದ್ದೇನೆ. ಕಳೆದ ವರ್ಷ ಅವರ ಡಿಫೆನ್ಸ್ ಎದುರಾಳಿಯ 48 ಎಸೆತಗಳಿಗೆ ಕೈ ತಾಗಿಸಿ 16 ಹಿಡಿದಿತ್ತು. ಎದುರಾಳಿ 12 ಸಲ ಚೆಂಡು ಜಾರಿಸಿದಾಗ 9 ಸಲ ವಶಪಡಿಸಿಕೊಂಡಿತ್ತು. ಈ ವರ್ಷ 46ಕ್ಕೆ ಕೈ ತಾಗಿಸಿ 6 ಹಿಡಿದಿದೆ. 13ರಲ್ಲಿ 4 ಸಿಕ್ಕಿವೆ. ತಪ್ಪು ಎಲ್ಲಿದೆ? ನಿಜವಾಗಿ ಏನು ಮಾಡಿದರೆ ಪ್ರಯೋಜನ?

ಉತ್ತರ: ನಿಮ್ಮ ಪ್ರಶ್ನೆಯ ಅರ್ಧ ಉತ್ತರವನ್ನು ನಿಮ್ಮ ಮಗನೇ ಬರೆದುಕೊಟ್ಟಿದ್ದಾನೆ. ಕಾಲೇಜು ತಂಡಗಳ ಡಿಫೆನ್ಸ್ ವಿಭಾಗದಲ್ಲಿ ಪಂದ್ಯಗಳ ವಿಡಿಯೋ ಬಿಡಿಸಿ ನೋಡುವ ಕೆಲಸದಲ್ಲಿ ನಾನು ಹದಿನಾರು ವರ್ಷ ಕಳೆದಿದ್ದೇನೆ. ಇಷ್ಟು ಅಚ್ಚುಕಟ್ಟಾಗಿ ಎರಡೂ ಕಡೆಯ ಲೆಕ್ಕ ಇಟ್ಟುಕೊಂಡ ಆಟಗಾರರನ್ನು ಕಂಡದ್ದು ಕಡಿಮೆ.

ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಎದುರಾಳಿಯ ಚೆಂಡು ನಮ್ಮದಾಗುವ ಮುಖ್ಯ ದಾರಿಗಳು ಎರಡು. ಅವರ ಎಸೆತಗಾರ, ಎಂದರೆ ಕ್ವಾರ್ಟರ್‌ಬ್ಯಾಕ್, ತನ್ನವರಿಗೆಂದು ಎಸೆದದ್ದನ್ನು ನಮ್ಮವನು ಹಿಡಿದರೆ ಅದು ಇಂಟರ್‌ಸೆಪ್ಷನ್. ಚೆಂಡು ಹಿಡಿದು ಓಡುವವನ ಕೈಯಿಂದ ಅದು ಜಾರಿದರೆ ಫಂಬಲ್. ನೆಲದಲ್ಲಿ ಉರುಳುವ ಆ ಚೆಂಡಿನ ಮೇಲೆ ಯಾರು ಮೊದಲು ಬಿದ್ದರೆ ಅವರದು. ಎರಡಕ್ಕೂ ಒಟ್ಟಾಗಿ ಟರ್ನೋವರ್ ಎನ್ನುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಹಲವು ವರ್ಷಗಳ ಕಾಲೇಜು ಪಂದ್ಯಗಳನ್ನು ಒಟ್ಟಿಗೆ ನೋಡಿದರೆ, ಡಿಫೆನ್ಸ್ ಕೈ ತಾಗಿಸಿದ ಐದು ಎಸೆತಗಳಲ್ಲಿ ಹೆಚ್ಚುಕಡಿಮೆ ಒಂದು ಇಂಟರ್‌ಸೆಪ್ಷನ್ ಆಗುತ್ತದೆ. ಉಳಿದವು ನೆಲಕ್ಕೆ ಬೀಳುತ್ತವೆ. ಫಂಬಲ್‌ಗಳಲ್ಲಿ ಸುಮಾರು ಅರ್ಧ ಡಿಫೆನ್ಸ್‌ಗೆ ಸಿಗುತ್ತವೆ, ಅರ್ಧ ಜಾರಿಸಿಕೊಂಡವರಿಗೇ ಮರಳುತ್ತವೆ. ಈ ಅಳತೆಗೋಲಿನಿಂದ ನಿಮ್ಮ ಮಗನ ತಂಡವನ್ನು ಅಳೆಯಿರಿ. ಕಳೆದ ವರ್ಷ ಅವರಿಗೆ ಸಿಗಬೇಕಾಗಿದ್ದದ್ದು ಸುಮಾರು ಹತ್ತು ಇಂಟರ್‌ಸೆಪ್ಷನ್, ಆರು ಫಂಬಲ್, ಒಟ್ಟು ಹದಿನಾರು. ಈ ವರ್ಷ ಸಿಗಬೇಕಾಗಿದ್ದದ್ದೂ ಹದಿನೈದೋ ಹದಿನಾರೋ. ಹುಡುಗರು ಎರಡೂ ವರ್ಷ ಒಂದೇ ಮಟ್ಟದಲ್ಲಿ ಆಡಿದ್ದಾರೆ. ಕಳೆದ ವರ್ಷ ಚೆಂಡು ಅವರ ಕಡೆಗೆ ಪುಟಿಯಿತು, ಈ ವರ್ಷ ಪುಟಿಯಲಿಲ್ಲ.

ಎರಡು ತುದಿ ಚೂಪಾದ ಈ ಚೆಂಡು ನೆಲಕ್ಕೆ ಬಿದ್ದ ಮೇಲೆ ಯಾವ ಕಡೆ ಹಾರುತ್ತದೆ ಎಂದು ಹೇಳಬಲ್ಲವರಿಲ್ಲ. ನಮ್ಮವರಿಗೆ ಕ್ರಿಕೆಟ್‌ನಿಂದ ಹೇಳಿದರೆ ಬೇಗ ಅರ್ಥವಾಗುತ್ತದೆ. ಒಳ್ಳೆಯ ವೇಗದ ಬೌಲರ್ ಬ್ಯಾಟಿನ ಅಂಚನ್ನು ಮತ್ತೆ ಮತ್ತೆ ತಾಗಿಸಬಲ್ಲ. ಅಂಚಿಗೆ ತಾಗಿದ ಚೆಂಡು ಸ್ಲಿಪ್‌ನಲ್ಲಿರುವವನ ಕೈಗೆ ಹೋಗುತ್ತದೋ, ಇಬ್ಬರ ನಡುವೆ ಬೌಂಡರಿಗೆ ಹೋಗುತ್ತದೋ ಅವನ ಹಿಡಿತದಲ್ಲಿಲ್ಲ. ಐದು ವಿಕೆಟ್ ಬಿದ್ದ ದಿನವೂ ಒಂದೂ ಬೀಳದ ದಿನವೂ ಅವನು ಒಂದೇ ರೀತಿ ಬೌಲ್ ಮಾಡಿರಬಹುದು. ಅದಕ್ಕೇ ಅನುಭವಿ ಕೋಚ್ ಎಷ್ಟು ಸಲ ಅಂಚಿಗೆ ತಾಗಿತು ಎಂದು ಎಣಿಸುತ್ತಾನೆ. ನಿಮ್ಮ ಮಗನ ತಂಡದ ‘ಅಂಚು’ ಕಳೆದ ವರ್ಷ 48, ಈ ವರ್ಷ 46. ಇದರಲ್ಲಿ ಹಸಿವು ಕಡಿಮೆಯಾದದ್ದು ಎಲ್ಲಿ? ಇಪ್ಪತ್ತು ವರ್ಷದ ಹುಡುಗರಿಗೆ ಎಲ್ಲರ ಮುಂದೆ ಹಾಗೆ ಹೇಳುವುದು ಅನ್ಯಾಯ. ಇದನ್ನು ನಾನು ಹಲವು ಕೋಣೆಗಳಲ್ಲಿ ಕೇಳಿಸಿಕೊಂಡಿದ್ದೇನೆ, ಪ್ರತಿ ಸಲವೂ ನೊಂದಿದ್ದೇನೆ.

ಹಾಗೆಂದು ಎಲ್ಲವೂ ಅದೃಷ್ಟ ಎಂದು ಕೈಕಟ್ಟಿ ಕುಳಿತುಕೊಳ್ಳುವುದೂ ತಪ್ಪು. 48 ಅನ್ನು 65 ಮಾಡುವುದು ಸಾಧ್ಯ. ಅದು ಕಲಿತು ಬರುವ ವಿದ್ಯೆ.

ಮೊದಲು ಆ ಸರಪಳಿ. ಅದರ ಮೂಲ 2017ರ ಮಯಾಮಿ ವಿಶ್ವವಿದ್ಯಾಲಯದ ತಂಡ. ಅಲ್ಲಿನ ಡಿಫೆನ್ಸ್‌ನ ಹೊಣೆ ಹೊತ್ತಿದ್ದ ಮ್ಯಾನಿ ಡಿಯಾಸ್ ಅವರ ಕಾಲದಲ್ಲಿ, ಚೆಂಡು ಕಸಿದು ಬಂದವನ ಕೊರಳಿಗೆ ದಪ್ಪನೆಯ ಚಿನ್ನದ ಸರ ಹಾಕುತ್ತಿದ್ದರು. ಆ ವರ್ಷ ಅವರು 31 ಟರ್ನೋವರ್ ಗಳಿಸಿದರು, ಮೊದಲ ಹತ್ತು ಪಂದ್ಯಗಳನ್ನೂ ಗೆದ್ದರು. ದೇಶವೆಲ್ಲ ಅದನ್ನು ನೋಡಿ ಸರ, ಬೆಲ್ಟ್, ಸಿಂಹಾಸನ ಎಂದು ಬಗೆಬಗೆಯವನ್ನು ಮಾಡಿಕೊಂಡಿತು. ಆದರೆ ಅದೇ ಮಯಾಮಿ ಆ ಋತುವಿನ ಕೊನೆಯ ಮೂರು ಪಂದ್ಯಗಳನ್ನು ಸೋತಿತು. ಸರ ಆಗಲೂ ಅಲ್ಲಿಯೇ ಇತ್ತು. 2022ರಲ್ಲಿ ಹೊಸ ಮುಖ್ಯ ಕೋಚ್ ಮಾರಿಯೊ ಕ್ರಿಸ್ಟೊಬಾಲ್ ಬಂದ ಮೇಲೆ ಅದನ್ನು ತೆಗೆದಿಟ್ಟರು. ಸರದಿಂದ ಕೆಡುಕೇನೂ ಇಲ್ಲ. ಹುಡುಗರು ನಲಿಯುತ್ತಾರೆ, ಚೆಂಡಿನ ಮಾತು ಬಾಯಲ್ಲಿ ಉಳಿಯುತ್ತದೆ. ಸರ ಕಾಣುವ ಕೆಲಸಕ್ಕೆ ಮಾತ್ರ ಬೀಳುತ್ತದೆ ಎಂಬುದೇ ಅದರ ತೊಡಕು. ಕ್ವಾರ್ಟರ್‌ಬ್ಯಾಕ್‌ನ ತೋಳಿಗೆ ಕೈ ತಾಗಿಸಿ ಎಸೆತ ಓಲಾಡುವಂತೆ ಮಾಡಿದ ಹುಡುಗನ ಕೊರಳು ಬರಿದಾಗಿಯೇ ಇರುತ್ತದೆ. ನನ್ನ ಕೈಯಲ್ಲಿ ಇದ್ದರೆ ನಾನು ಸರವನ್ನು ಅವನಿಗೆ ಹಾಕುತ್ತಿದ್ದೆ.

ಇನ್ನು ಬ್ಲಿಟ್ಜ್. ನಿಮ್ಮ ಕೋಚ್ ಅವರ ಯೋಜನೆಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದೇ. ಬ್ಲಿಟ್ಜ್ ಎಂದರೆ ರೂಢಿಯ ನಾಲ್ವರ ಬದಲು ಐವರೋ ಆರು ಮಂದಿಯೋ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು. ನುಗ್ಗುವವರು ಹೆಚ್ಚಿದಷ್ಟೂ ಹಿಂದೆ ಉಳಿಯುವವರು ಕಡಿಮೆ. ಉಳಿದವರು ಎಸೆತ ಹಿಡಿಯಲು ಓಡುವ ಒಬ್ಬೊಬ್ಬ ರಿಸೀವರ್‌ನ ಬೆನ್ನು ಹತ್ತಿ ಓಡಬೇಕು. ಹಾಗೆ ಓಡುವವನ ಕಣ್ಣು ರಿಸೀವರ್‌ನ ಸೊಂಟದ ಮೇಲಿರುತ್ತದೆ, ಬೆನ್ನು ಚೆಂಡಿನ ಕಡೆಗಿರುತ್ತದೆ. ಕಾಣದ ಚೆಂಡನ್ನು ಹಿಡಿಯುವುದು ಹೇಗೆ? ಜೊತೆಗೆ, ಮೈಮೇಲೆ ಬರುವವರನ್ನು ಕಂಡ ಕ್ವಾರ್ಟರ್‌ಬ್ಯಾಕ್ ಬೇಗ, ಹತ್ತಿರಕ್ಕೆ ಎಸೆದುಬಿಡುತ್ತಾನೆ. ಅಂಥ ಎಸೆತ ಗಾಳಿಯಲ್ಲಿ ಇರುವುದೇ ಅರೆಕ್ಷಣ. ಬ್ಲಿಟ್ಜ್‌ನಿಂದ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದಲೇ ಚೆಂಡು ಉದುರುವ ಸಾಧ್ಯತೆ ಹೆಚ್ಚುತ್ತದೆ ಎಂಬುದು ನಿಜ. ಬೆಲೆ ಮಾತ್ರ ದೊಡ್ಡದು: ಹಿಂದೆ ಒಬ್ಬ ಜಾರಿದರೂ ಅರವತ್ತು ಗಜ ಖಾಲಿ ಬಿದ್ದಿರುತ್ತದೆ, ಆ ಖಾಲಿ ಜಾಗದಲ್ಲಿ ಒಬ್ಬನೇ ಉಳಿಯುವವನು ನಿಮ್ಮ ಮಗ.

ಬೇರೆ ದಾರಿಯ ಒಳ್ಳೆಯ ನಿದರ್ಶನ ನಿಮ್ಮ ಪಕ್ಕದ ರಾಜ್ಯದಲ್ಲೇ ಇದೆ. ಐಯೊವ ವಿಶ್ವವಿದ್ಯಾಲಯದ ಫಿಲ್ ಪಾರ್ಕರ್ 1999ರಿಂದ ಅಲ್ಲಿನ ಹಿಂಬದಿಯ ರಕ್ಷಕರಿಗೆ ಕಲಿಸುತ್ತಿದ್ದಾರೆ. 2012ರಿಂದ ಇಡೀ ಡಿಫೆನ್ಸ್ ಅವರ ಹೊಣೆ. ಅವರ ತಂಡ ಬ್ಲಿಟ್ಜ್ ಮಾಡುವುದು ಅಪರೂಪ. ನಾಲ್ವರು ನುಗ್ಗುತ್ತಾರೆ, ಏಳು ಮಂದಿ ಹಿಂದೆ ಸರಿದು ತಮ್ಮ ತಮ್ಮ ವಲಯ ಕಾಯುತ್ತಾರೆ. ಇದನ್ನೇ ಝೋನ್ ಎನ್ನುವುದು. ಏಳು ಜನರ ಮುಖವೂ ಕ್ವಾರ್ಟರ್‌ಬ್ಯಾಕ್‌ನ ಕಡೆ. ಅವನ ಭುಜ ತಿರುಗಿದ ಕ್ಷಣವೇ ಏಳು ಜೋಡಿ ಕಾಲು ಚೆಂಡಿನತ್ತ ಹೊರಡುತ್ತವೆ. 2021ರಲ್ಲಿ ಐಯೊವ 25 ಇಂಟರ್‌ಸೆಪ್ಷನ್ ಪಡೆದು ದೇಶದ ಮೇಲ್ಮಟ್ಟದ ತಂಡಗಳಲ್ಲೆಲ್ಲ ಮೊದಲಿತ್ತು. ಅದೊಂದೇ ವರ್ಷವಾಗಿದ್ದರೆ ಅದೃಷ್ಟ ಎನ್ನಬಹುದಾಗಿತ್ತು. ಆದರೆ 2015ರಲ್ಲಿ ಡೆಸ್ಮಂಡ್ ಕಿಂಗ್ ಎಂಟು ಹಿಡಿದರು, 2017ರಲ್ಲಿ ಜಾಶ್ ಜಾಕ್ಸನ್ ಎಂಟು ಹಿಡಿದರು, 2022ರಲ್ಲಿ ಕೂಪರ್ ಡಿಜೀನ್ ಹಿಡಿದ ಚೆಂಡುಗಳಲ್ಲಿ ಮೂರನ್ನು ನೇರವಾಗಿ ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವ ಟಚ್‌ಡೌನ್‌ಗೆ ಒಯ್ದರು. ಆಟಗಾರರು ಬದಲಾದರೂ ಫಸಲು ಬರುತ್ತಲೇ ಇದೆ ಎಂದರೆ ಹೊಲ ಹದವಾಗಿದೆ ಎಂದರ್ಥ. ಡಿಜೀನ್ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು, ಅವರಿಗಿಂತ ಮೊದಲು ಐಯೊವದಲ್ಲಿ ಆಡಿದ ಮೈಕಾ ಹೈಡ್ ಕೂಡ ಹಾಗೆಯೇ. ಎಸೆಯುವವನ ತಲೆಯೊಳಗೆ ಏನು ಓಡುತ್ತದೆ ಎಂದು ಬಲ್ಲವನು ಕಾಯುವುದರಲ್ಲೂ ಮುಂದಿರುತ್ತಾನೆ.

ಝೋನ್‌ಗೂ ಅಪಾಯಗಳಿವೆ, ಮುಚ್ಚಿಡಬಾರದು. ನುಗ್ಗುವ ನಾಲ್ವರಿಗೆ ಸ್ವಂತ ಬಲದಿಂದ ಕ್ವಾರ್ಟರ್‌ಬ್ಯಾಕ್‌ನನ್ನು ಕದಲಿಸಲು ಆಗದಿದ್ದರೆ ಅವನು ನಿಂತುಕೊಂಡು ನಿಧಾನವಾಗಿ ವಲಯಗಳ ನಡುವಿನ ಸಂದಿ ಹುಡುಕುತ್ತಾನೆ. ಐದೈದು ಗಜ ಕಿತ್ತುಕೊಳ್ಳುತ್ತಾ ಮೈದಾನವನ್ನೇ ದಾಟಿಬಿಡುತ್ತಾನೆ. ನೋಡುವವರಿಗೆ ಸಿಟ್ಟು ಬರುತ್ತದೆ. ತಾಳ್ಮೆ ಇಲ್ಲದ ಕೋಚ್‌ಗೆ ಈ ದಾರಿ ಒಗ್ಗುವುದಿಲ್ಲ.

ಎರಡರ ನಡುವೆ ಒಂದು ಉಪಾಯವಿದೆ, ನಿಮ್ಮ ಮಗನ ತಂಡಕ್ಕೆ ಅದು ಹೊಂದಬಹುದು ಎಂದು ನನ್ನ ಅಂದಾಜು. ಪ್ರತಿ ಸಲ ಚೆಂಡು ಚಲಿಸುವ ಮೊದಲು ಆರು ಮಂದಿ ನುಗ್ಗುವಂತೆ ನಿಲ್ಲುವುದು, ಚೆಂಡು ಚಲಿಸಿದ ಕೂಡಲೇ ಅವರಲ್ಲಿ ಇಬ್ಬರು ಹಿಂದೆ ಸರಿಯುವುದು. ನುಗ್ಗುವವರು ನಾಲ್ವರೇ, ಆದರೆ ಯಾವ ನಾಲ್ವರು ಎಂಬುದು ಎದುರಾಳಿಗೆ ಗೊತ್ತಿಲ್ಲ. ಬ್ಲಿಟ್ಜ್ ಬಂತೆಂದು ತಿಳಿದ ಕ್ವಾರ್ಟರ್‌ಬ್ಯಾಕ್ ಖಾಲಿ ಇರಬೇಕಾದ ಜಾಗಕ್ಕೆ ಕಣ್ಣು ಮುಚ್ಚಿ ಎಸೆಯುತ್ತಾನೆ. ಅಲ್ಲಿ ಒಬ್ಬ ಆಗಲೇ ಹಿಂದೆ ಸರಿದು ನಿಂತಿರುತ್ತಾನೆ. ಹಿಂಬದಿಯಲ್ಲೂ ಇದೇ ಬಗೆಯ ವೇಷ ಮರೆಸುವಿಕೆ ಸಾಧ್ಯ. ಇಬ್ಬರು ಸೇಫ್ಟಿಗಳು ಆಳದಲ್ಲಿ ನಿಂತಂತೆ ತೋರಿಸಿ, ಚೆಂಡು ಚಲಿಸಿದ ಮೇಲೆ ಒಬ್ಬ ನಡುಮೈದಾನಕ್ಕೆ ಇಳಿದು ಕಣ್ಣಿಡುವುದು, ಇನ್ನೊಬ್ಬ ಆಳದ ಮಧ್ಯಕ್ಕೆ ಓಡುವುದು. ಅಪಾಯ ಆ ಇನ್ನೊಬ್ಬನ ಹೆಜ್ಜೆಯಲ್ಲಿದೆ. ಅವನು ಅರ್ಧ ಹೆಜ್ಜೆ ತಡವಾದರೂ ಟಚ್‌ಡೌನ್. ಕಲಿಯಲು ವಾರಗಟ್ಟಲೆ ಬೇಕು. ತರಗತಿ, ಪ್ರಯೋಗಾಲಯ, ಕೆಲಸ ಎಲ್ಲ ಇರುವ ಹುಡುಗರಿಗೆ ಇಂಥ ಎರಡೋ ಮೂರೋ ವೇಷ ಸಾಕು. ಹನ್ನೆರಡು ಕಲಿಸಲು ಹೋದರೆ ತಮ್ಮ ತಮ್ಮಲ್ಲೇ ಗೊಂದಲ.

ಸೇಫ್ಟಿಯ ತಾಯಿಗೆ ಇನ್ನೊಂದು ವಿಷಯ ಹೇಳಬೇಕು. ಕಾಲೇಜು ಮೈದಾನದಲ್ಲಿ ಪ್ರತಿ ಸಲ ಆಟ ಆರಂಭಿಸುವ ಜಾಗ ಗುರುತಿಸುವ ಎರಡು ಹ್ಯಾಶ್ ಸಾಲುಗಳ ನಡುವಿನ ಅಂತರ 40 ಅಡಿ. ವೃತ್ತಿಪರ ಲೀಗಿನಲ್ಲಿ ಹದಿನೆಂಟೂವರೆ ಅಡಿ ಮಾತ್ರ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಬದಿಯ ಹ್ಯಾಶ್‌ನಲ್ಲಿದ್ದಾಗ ಮೈದಾನದ ಇನ್ನೊಂದು ಬದಿ ಬಹಳ ಅಗಲವಾಗಿ ಉಳಿಯುತ್ತದೆ. ಆ ದೂರದ ಅಂಚಿಗೆ ಎಸೆದ ಚೆಂಡು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ತೋಳಿನ ಬಲ ಸಾಧಾರಣವಾಗಿರುವ ಕ್ವಾರ್ಟರ್‌ಬ್ಯಾಕ್‌ಗಳೇ ಹೆಚ್ಚಿರುವ ಡಿವಿಷನ್ ಮೂರರಲ್ಲಿ, ಓದಿಕೊಂಡು ಓಡುವ ಸೇಫ್ಟಿಗೆ ಇದು ಹುಲ್ಲುಗಾವಲು. ಎದುರಾಳಿಯ ಹಿಂದಿನ ಮೂರು ಪಂದ್ಯಗಳ ವಿಡಿಯೋದಲ್ಲಿ ದೂರದ ಬದಿಗೆ ಎಸೆದವುಗಳನ್ನು ಮಾತ್ರ ಆರಿಸಿ ನೋಡಲು ಅವನಿಗೆ ಹೇಳಿ.

ಟ್ಯಾಕಲ್ ಮಾಡುವಾಗ ಚೆಂಡಿಗೇ ಕೈ ಹಾಕಬೇಕು ಎಂಬ ಸಲಹೆ ಅರ್ಧ ಸರಿ. ಮೊದಲು ತಲುಪಿದವನು ಓಡುವವನನ್ನು ಅಪ್ಪಿ ಹಿಡಿಯಬೇಕು, ಅಷ್ಟೇ ಅವನ ಕೆಲಸ. ಎರಡನೆಯದಾಗಿ ಬಂದವನು ಚೆಂಡನ್ನು ಕೀಳಬೇಕು, ಇಲ್ಲವೇ ಕೆಳಗಿನಿಂದ ಗುದ್ದಬೇಕು. ಒಬ್ಬನೇ ಇರುವಾಗ ಚೆಂಡಿಗೆ ಕೈ ಹಾಕಿದರೆ ಎರಡೂ ತಪ್ಪುತ್ತದೆ. ಒಂಟಿಯಾಗಿಯೇ ಇದನ್ನು ಸಾಧಿಸಿದವರು ಇದ್ದಾರೆ. ಲೂಯಿಸಿಯಾನದ ಲಾಫಾಯೆಟ್ ವಿಶ್ವವಿದ್ಯಾಲಯದಲ್ಲಿ ಓದಿ, ಮುಂದೆ ಶಿಕಾಗೊ ಬೇರ್ಸ್ ಪರ ಆಡಿದ ಚಾರ್ಲ್ಸ್ ಟಿಲ್ಮನ್ 2012ರ ಒಂದೇ ಋತುವಿನಲ್ಲಿ ಹತ್ತು ಫಂಬಲ್ ಮಾಡಿಸಿದರು, ಅದರಲ್ಲಿ ನಾಲ್ಕು ಒಂದೇ ಪಂದ್ಯದಲ್ಲಿ. ಅವರ ಗುದ್ದಿಗೆ ಹೆಸರೇ ಬಿದ್ದಿತ್ತು. ಆದರೆ ಅವರ ಚಿತ್ರಗಳನ್ನು ನಿಧಾನಗತಿಯಲ್ಲಿ ನೋಡಿದರೆ ಒಂದು ತೋಳು ಓಡುವವನನ್ನು ಹಿಡಿದೇ ಇರುತ್ತದೆ, ಇನ್ನೊಂದು ಮುಷ್ಟಿ ಮಾತ್ರ ಚೆಂಡಿಗೆ ಹೋಗುತ್ತದೆ. ಜೊತೆಗೆ ಕಾಲೇಜಿನ ನಿಯಮ ಬೇರೆ. ಯಾರೂ ಮುಟ್ಟದಿದ್ದರೂ ಓಡುವವನ ಮಂಡಿಯೋ ಮೊಣಕೈಯೋ ನೆಲಕ್ಕೆ ತಾಗಿದ ಕ್ಷಣ ಆ ಸಲದ ಆಟ ಮುಗಿಯಿತು. ವೃತ್ತಿಪರ ಲೀಗಿನಲ್ಲಿ ಹಾಗಲ್ಲ. ಆದ್ದರಿಂದ ಬೀಳಿಸಿದ ಮೇಲೆ ಕಿತ್ತರೆ ಏನೂ ಸಿಗದು. ಅವನು ನಿಂತಿರುವಾಗಲೇ, ಮೊದಲನೆಯವನು ಅಪ್ಪಿ ಹಿಡಿದ ಆ ಅರೆಕ್ಷಣದಲ್ಲೇ ಎರಡನೆಯವನು ಬಂದಿರಬೇಕು.

ಓಡುವವನ ಮೈಗೆ ಗಟ್ಟಿಯಾಗಿ ಢಿಕ್ಕಿ ಹೊಡೆದರೆ ಚೆಂಡು ಉದುರುತ್ತದೆ ಎಂಬ ಹಳೆಯ ನಂಬಿಕೆಯನ್ನು ಬಿಡುವುದೇ ಒಳ್ಳೆಯದು. ತಲೆ ಬಾಗಿಸಿ ಶಿರಸ್ತ್ರಾಣದ ನೆತ್ತಿಯಿಂದ ಹೊಡೆದರೆ 2013ರಿಂದ ಕಾಲೇಜು ಆಟದಲ್ಲಿ ಹದಿನೈದು ಗಜದ ದಂಡದ ಜೊತೆಗೆ ಮೈದಾನದಿಂದ ಹೊರಗೆ. ಅದಕ್ಕಿಂತ ದೊಡ್ಡದು ಹೊಡೆದವನ ಕುತ್ತಿಗೆಯ ಅಪಾಯ.

ಎರಡನೆಯವನು ಸಮಯಕ್ಕೆ ಬರುವುದು ಹೇಗೆ? ಓಡಿ. ಈ ಆಟದಲ್ಲಿ ನಾನು ಅತ್ಯಂತ ನಂಬುವ ಅಭ್ಯಾಸ ಇದು: ಪ್ರತಿ ಸಲದ ಆಟದ ಕೊನೆಯಲ್ಲಿ, ಸೀಟಿ ಊದಿದ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ, ಚೆಂಡಿನ ಸುತ್ತ ಐದು ಗಜದೊಳಗೆ ನಮ್ಮ ಅಂಗಿಗಳು ಎಷ್ಟಿವೆ ಎಂದು ಎಣಿಸುವುದು. ಕೈ ತಾಗಿ ಮೇಲಕ್ಕೆ ಹಾರಿದ ಎಸೆತವನ್ನು ಹಿಡಿಯುವವನು ಹೆಚ್ಚಾಗಿ ತಾಗಿಸಿದವನಲ್ಲ, ಹಿಂದಿನಿಂದ ಓಡಿಬಂದ ಮೂರನೆಯವನು. ಫಂಬಲ್ ಅರ್ಧಕ್ಕರ್ಧ ಅದೃಷ್ಟ ಎಂದೆ. ಚೆಂಡಿನ ಸುತ್ತ ನಮ್ಮವರು ಐವರು, ಎದುರಾಳಿಗಳು ಇಬ್ಬರು ಇದ್ದರೆ ಆ ಒಂದು ಸಲಕ್ಕೆ ಅದೃಷ್ಟ ನಮ್ಮ ಕಡೆ ವಾಲುತ್ತದೆ. ಇದಕ್ಕೆ ಹೊಸ ತಂತ್ರವೂ ಬೇಡ, ಅಪಾಯವೂ ಇಲ್ಲ. ಖರ್ಚಾಗುವುದು ಉಸಿರು ಮಾತ್ರ. ಅದಕ್ಕಾಗಿ ಆಟಗಾರರನ್ನು ಆಗಾಗ ಬದಲಿಸಲು ಕೋಚ್ ಸಿದ್ಧರಿರಬೇಕು.

ಡಿಫೆನ್ಸ್‌ನ ಕೈಯಲ್ಲಿಲ್ಲದ ದೊಡ್ಡ ಕಾರಣವೊಂದು ಉಳಿಯಿತು: ಅಂಕಪಟ್ಟಿ. ಹಿಂದೆ ಬಿದ್ದ ತಂಡ ಎಸೆಯಲೇಬೇಕು, ಎಸೆಯುವುದು ಎಲ್ಲರಿಗೂ ಗೊತ್ತಿರುತ್ತದೆ. 2021ರಲ್ಲಿ ಐಯೊವ ಮೇರಿಲ್ಯಾಂಡ್ ವಿರುದ್ಧ ಆರು ಇಂಟರ್‌ಸೆಪ್ಷನ್ ಪಡೆದ ಪಂದ್ಯದ ಅಂಕ 51–14. ಮುನ್ನಡೆ ಎಸೆತಗಳನ್ನು ತಂದಿತು, ಎಸೆತಗಳು ಇನ್ನಷ್ಟು ಮುನ್ನಡೆ ತಂದವು. ಚಿಕ್ಕ ಪ್ರಮಾಣದಲ್ಲಿ ಇದೇ ನಿಯಮ ಪ್ರತಿ ಸರದಿಗೂ ಅನ್ವಯ. ಹತ್ತು ಗಜ ಸಾಗಲು ಎದುರಾಳಿಗೆ ನಾಲ್ಕು ಅವಕಾಶ. ಮೊದಲ ಅವಕಾಶದಲ್ಲಿ ಓಟವನ್ನು ಒಂದೇ ಗಜಕ್ಕೆ ತಡೆದರೆ ಮೂರನೆಯದರಲ್ಲಿ ಅವನು ಎಂಟು ಗಜಕ್ಕಾಗಿ ದೂರ ಎಸೆಯಬೇಕಾಗುತ್ತದೆ. ಆಗ ಸಿಕ್ಕ ಇಂಟರ್‌ಸೆಪ್ಷನ್‌ಗೆ ಬೀಜ ಬಿತ್ತಿದವನು ಮೊದಲ ಸಲ ಓಟ ತಡೆದ ದಪ್ಪ ಹುಡುಗ. ಈ ವರ್ಷ ನಿಮ್ಮ ಮಗನ ತಂಡ ಎಷ್ಟು ಹೊತ್ತು ಮುನ್ನಡೆಯಲ್ಲಿತ್ತು, ಕಳೆದ ವರ್ಷ ಎಷ್ಟು ಹೊತ್ತು ಎಂದು ಅವನ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಲು ಹೇಳಿ.

ಕೊನೆಗೆ ಆ ಮೂರು ಚೆಂಡುಗಳು. ಮೂರನ್ನೂ ಹಿಡಿದಿದ್ದರೆ ತಂಡದ ಲೆಕ್ಕ 13 ಆಗುತ್ತಿತ್ತು. 25ಕ್ಕೂ ಅದಕ್ಕೂ ನಡುವಿನ ಹನ್ನೆರಡಕ್ಕೆ ಅವನು ಹೊಣೆಯಲ್ಲ. ಇನ್ನೊಂದು ಕೇಳಿ: ಮೂರರಲ್ಲಿ ಯಾವುದಾದರೂ ನಾಲ್ಕನೆಯ ಅವಕಾಶದಲ್ಲಿ, ಆಳದಲ್ಲಿ ಎಸೆದದ್ದಾಗಿತ್ತೇ? ಹಾಗಿದ್ದರೆ ಹಿಡಿಯುವುದಕ್ಕಿಂತ ನೆಲಕ್ಕೆ ಬಡಿಯುವುದೇ ಸರಿಯಾದ ಆಟ. ಬಡಿದರೆ ಎದುರಾಳಿಯ ನಾಲ್ಕೂ ಅವಕಾಶ ಮುಗಿದು, ಅವರು ಆ ಸಲ ಆಟ ಆರಂಭಿಸಿದ ಜಾಗದಲ್ಲೇ ಚೆಂಡು ನಮ್ಮದಾಗುತ್ತದೆ. ಹಿಡಿದರೆ ಮೂವತ್ತು ಗಜ ಹಿಂದಿನಿಂದ ಹೊರಡಬೇಕಾಗಬಹುದು.

ಯಂತ್ರದ ಐನೂರು ಚೆಂಡು ಇಂದೇ ನಿಲ್ಲಲಿ. ಊದಿದ ಮಣಿಕಟ್ಟನ್ನು ತಂಡದ ಅಥ್ಲೆಟಿಕ್ ಟ್ರೈನರ್ ನೋಡಬೇಕು, ಅವರು ಹೇಳುವವರೆಗೆ ಚೆಂಡು ಮುಟ್ಟಬಾರದು. ವಾಸಿಯಾದ ಮೇಲೂ ಯಂತ್ರ ಹೆಚ್ಚು ಕಲಿಸುವುದಿಲ್ಲ, ಏಕೆಂದರೆ ಅದು ಪ್ರತಿ ಸಲ ಒಂದೇ ವೇಗದಲ್ಲಿ, ಒಂದೇ ಜಾಗಕ್ಕೆ, ನೇರವಾಗಿ ತಿರುಗುವ ಚೆಂಡು ಕಳುಹಿಸುತ್ತದೆ. ಸೇಫ್ಟಿಗೆ ಪಂದ್ಯದಲ್ಲಿ ಬರುವುದು ಓಲಾಡುವ, ಯಾರದೋ ಬೆರಳಿಗೆ ತಾಗಿ ದಿಕ್ಕು ತಪ್ಪಿದ ಚೆಂಡು. ಅದೂ ಓಡುತ್ತಾ ತಿರುಗುವಾಗ. ಟೆಸ್ಟ್‌ನಲ್ಲಿ 210 ಕ್ಯಾಚ್ ಹಿಡಿದ ನಮ್ಮ ದ್ರಾವಿಡ್ ಸ್ಲಿಪ್‌ನಲ್ಲಿ ನಿಂತು ಹಿಡಿದದ್ದೂ ಅಂಚಿಗೆ ತಾಗಿ ದಿಕ್ಕು ಬದಲಿಸಿದ ಚೆಂಡುಗಳನ್ನೇ. ಮೂವರು ಸೇರಿ ಮಾಡುವ ಅಭ್ಯಾಸ ಅವನಿಗೆ ಬೇಕು. ಒಬ್ಬ ಎಸೆಯಬೇಕು, ನಡುವೆ ನಿಂತ ಒಬ್ಬ ಕೈ ಮೇಲೆತ್ತಿ ಕೆಲವಕ್ಕೆ ಬೆರಳು ತಾಗಿಸಬೇಕು, ಕೆಲವನ್ನು ಹಾಗೇ ಬಿಡಬೇಕು, ನಿಮ್ಮ ಮಗ ಹಿಂದಿನಿಂದ ಓಡಿ ಬರಬೇಕು. ಎದೆಗಿಂತ ಮೇಲೆ ಬಂದದ್ದಕ್ಕೆ ಹೆಬ್ಬೆರಳುಗಳು ಕೂಡಬೇಕು, ಸೊಂಟದ ಕೆಳಗೆ ಬಂದದ್ದಕ್ಕೆ ಕಿರುಬೆರಳುಗಳು. ಹಿಡಿದ ಚೆಂಡು ಕಂಕುಳಿಗೆ ಸೇರುವ ತನಕ ಕಣ್ಣು ಅದರ ಮೇಲೆಯೇ ಇರಬೇಕು. ಬಿಟ್ಟ ಚೆಂಡುಗಳಲ್ಲಿ ಹೆಚ್ಚಿನವು ಕಣ್ಣು ಮುಂದಿನ ದಾರಿಗೆ ಹೋದಾಗ ಬಿದ್ದವು. ದಿನಕ್ಕೆ ಇಪ್ಪತ್ತೈದು ಸಾಕು, ವಾರಕ್ಕೆ ನಾಲ್ಕು ದಿನ.

ಕೋಚ್‌ಗೆ ನೀವು ಫೋನ್ ಮಾಡಬೇಡಿ. ಕಾಲೇಜಿನಲ್ಲಿ ತಂದೆತಾಯಿ ಮಾತನಾಡಿದರೆ ಹುಡುಗನಿಗೇ ಮುಜುಗರ. ಅವನು ತನ್ನ ಲೆಕ್ಕದ ಹಾಳೆಯನ್ನು ಹಿಂಬದಿ ರಕ್ಷಕರ ಕೋಚ್ ಬಳಿ ಒಯ್ದು, ಯಾರ ಮೇಲೂ ದೂರು ಹೇಳದೆ, ‘ಮುಂದಿನ ವರ್ಷ 46 ಅನ್ನು 60 ಮಾಡುವುದು ಹೇಗೆ, ನನ್ನ ಪಾಲು ಯಾವುದು’ ಎಂದು ಕೇಳಲಿ. ಹಾಗೆ ಕೇಳಿದ ಆಟಗಾರನನ್ನು ವಿಡಿಯೋ ಕೋಣೆಗೆ ಕರೆದು ಕೂರಿಸದ ಕೋಚ್ ಒಬ್ಬರನ್ನೂ ನಾನು ಕಂಡಿಲ್ಲ.